ಮಗಳಿಗೊಂದು ಪತ್ರ: ಅಮ್ಮನ ಒಡವೆ, ತಮ್ಮನ ಪಾಲು

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಯುಗಾದಿಯಂದು ನಿನಗೂ, ನಾನು ಮರುಮದುವೆಯಾದ ಚಿಕ್ಕಮ್ಮನಿಗೂ ನಡೆದ ಜಗಳದ ಬಗ್ಗೆ ನಿನ್ನ ಸೋದರಮಾವ ಫೋನು ಮಾಡಿ ವಿಚಾರಿಸಿದರು. ನಮ್ಮ ಮನೆಯ ಮಾತನ್ನು ಮೂರನೆಯವರ ಮೂಲಕ ಆಡುವುದು ಬೇಡವೆಂದು ನಿನಗೇ ನೇರವಾಗಿ ಬರೆಯುತ್ತಿದ್ದೇನೆ.

ಬೀರುವಿನ ಬೀಗದ ಕೈ ಚಿಕ್ಕಮ್ಮನ ಸೊಂಟದಲ್ಲಿದ್ದುದನ್ನು ಕಂಡು ನಿನಗೆ ನೋವಾಯಿತು. ಆಗದೆ ಇರಲು ಸಾಧ್ಯವಿರಲಿಲ್ಲ. ಅದರ ಒಳಖಾನೆಯಲ್ಲಿ ನಿನ್ನ ಅಮ್ಮನ ಬೋರಮಾಳ, ಪಾಟ್ಲಿ, ಮುತ್ತಿನ ಓಲೆ, ಎಲ್ಲವೂ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಅವಳೇ ಕಟ್ಟಿದ ಗಂಟಿನೊಳಗೆ ಹಾಗೆಯೇ ಇವೆ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಹೆಣ್ಣುಮಗಳ ಆಸ್ತಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಮೊದಲು ಅವಳ ಮಕ್ಕಳಿಗೂ ಗಂಡನಿಗೂ ಸಮನಾಗಿ ಸೇರುತ್ತದೆ. ನನ್ನ ಅರ್ಧವನ್ನೂ ನಿನಗೇ ಬಿಟ್ಟುಕೊಟ್ಟಿರುವುದಾಗಿ ಬರೆದು ಸಹಿ ಮಾಡಿದ್ದೇನೆ. ಚಿಕ್ಕಮ್ಮ ತಾನಾಗಿಯೇ ಮುಂದೆ ಬಂದು ಸಾಕ್ಷಿಯ ಸಹಿ ಹಾಕಿದಳು.

ಇನ್ನೊಂದು ವಿಷಯವನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು. ಅದೇ ಕಾಯ್ದೆಯಲ್ಲಿ ಮಲತಂದೆಯ ಆಸ್ತಿಗೆ ಮಲಮಗ ವಾರಸುದಾರನಲ್ಲ. ನಾನು ಉಯಿಲು ಬರೆಯದೆ ಹೋದರೆ ನಿನಗೂ ಚಿಕ್ಕಮ್ಮನಿಗೂ ಪಾಲು ಬರುತ್ತದೆ, ಆದರೆ ಚಿಕ್ಕಮ್ಮನ ಜೊತೆ ನಮ್ಮ ಮನೆಗೆ ಬಂದ, ನನ್ನ ಕೈಹಿಡಿದು ಶಾಲೆಗೆ ಹೋಗುವ ಅವಳ ಮಗನಿಗೆ ಚಿಕ್ಕಾಸೂ ಸಿಗುವುದಿಲ್ಲ. ಆದ್ದರಿಂದ ನನ್ನ ಸ್ವಯಾರ್ಜಿತದಲ್ಲಿ ಒಂದು ಠೇವಣಿಯನ್ನು ಅವನ ಓದಿಗೆಂದು ಉಯಿಲಿನಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಿನ್ನ ಪಾಲಿಗೆ ಇದರಿಂದ ಯಾವ ಕುಂದೂ ಇಲ್ಲ. ನಿನಗೆ ಆಕ್ಷೇಪವಿದ್ದರೆ ನನ್ನ ಮುಂದೆಯೇ ಹೇಳು, ಕೇಳುತ್ತೇನೆ.

ಚಿಕ್ಕಮ್ಮನನ್ನು ಅಮ್ಮ ಎಂದು ಕರೆಯುವಂತೆ ನಾನು ಎಂದಿಗೂ ಒತ್ತಾಯಿಸುವುದಿಲ್ಲ. ಸುಣ್ಣಬಣ್ಣಕ್ಕೆಂದು ಪಡಸಾಲೆಯಿಂದ ಇಳಿಸಿದ್ದ ನಿನ್ನ ಅಮ್ಮನ ಫೋಟೊ ಮತ್ತೆ ಅದೇ ಗೋಡೆಗೆ ಬಂದಿದೆ. ಇನ್ನು ಮುಂದೆ ನಿನ್ನ ಅಮ್ಮನ ಯಾವ ವಸ್ತುವನ್ನೂ ನಿನ್ನನ್ನು ಕೇಳದೆ ಕದಲಿಸಬಾರದೆಂದು ನಾನು ಹೇಳಿದ್ದಕ್ಕೆ ಚಿಕ್ಕಮ್ಮ ಒಪ್ಪಿದ್ದಾಳೆ. ಆದರೆ ನೀನು ಅಂದು ಸಿಟ್ಟಿನ ಭರದಲ್ಲಿ ಆ ಮಗುವಿಗೆ “ಇದು ನಿನ್ನ ಮನೆಯಲ್ಲ” ಎಂದೆಯಲ್ಲ, ಅಂದಿನಿಂದ ಅವನು ಫ್ರಿಜ್ಜಿನ ಬಾಗಿಲು ತೆರೆಯುವುದಕ್ಕೂ ನಮ್ಮ ಅಪ್ಪಣೆ ಕೇಳುತ್ತಾನೆ. ದೊಡ್ಡವರ ಲೆಕ್ಕವನ್ನು ನಾವು ದೊಡ್ಡವರೇ ತೀರಿಸಿಕೊಳ್ಳೋಣ. ಅವನೊಡನೆ ಮಾತ್ರ ನೀನೇ ಮಾತನಾಡಬೇಕು, ಅದೂ ಬೇಗ. ಸಂಜೆ ಆರರ ನಂತರ ಅವನು ಮನೆಯಲ್ಲಿರುತ್ತಾನೆ. ನನ್ನ ನಂಬರಿಗೇ ಫೋನು ಮಾಡು, ಅವನ ಕೈಗೆ ಕೊಡುತ್ತೇನೆ.

ಇಂತಿ ನಿನ್ನ,
ಅಪ್ಪ