ಪರಿಷೆಯಲ್ಲಿ ಒಲೆ ಬಿಟ್ಟುಕೊಟ್ಟ ಅಣ್ಣನಿಗೆ

ಬಸವನಗುಡಿಯ ಕಡಲೆಕಾಯಿ ಪರಿಷೆ ಇರುವುದು ಕಾರ್ತಿಕದ ಕೊನೆಯ ಸೋಮವಾರ. ಆದರೆ ಹಿಂದಿನ ಶನಿವಾರ, ಭಾನುವಾರವೇ ಕಾಲಿಡಲು ಜಾಗವಿರುವುದಿಲ್ಲ. ಆ ಭಾನುವಾರ ಸಂಜೆ ನಮ್ಮ ಹೈಸ್ಕೂಲ್ ಮಕ್ಕಳ ತಮಟೆ ತಂಡ ಬುಲ್ ಟೆಂಪಲ್ ರಸ್ತೆಯಲ್ಲಿ ಬಾರಿಸಬೇಕಿತ್ತು. ಅಷ್ಟರಲ್ಲಿ ತುಂತುರು ಮಳೆ ಶುರುವಾಯಿತು. ಫೈಬರ್ ತಮಟೆಯಾದರೆ ಚಿಂತೆಯಿಲ್ಲ. ನಮ್ಮದು ಚರ್ಮದ್ದು. ತೇವ ಹಿಡಿದರೆ ಚರ್ಮ ಸಡಿಲವಾಗಿ ಬರೀ ದಪ್ ದಪ್ ಅನ್ನುತ್ತದೆ. ಬೆಂಕಿಗೆ ಹಿಡಿದು ಕಾಯಿಸಲೇಬೇಕು. ಆ ಜಂಗುಳಿಯಲ್ಲಿ ಬೆಂಕಿ ಎಲ್ಲಿಂದ ತರುವುದು?

ಕಡಲೆಕಾಯಿ ಹುರಿಯುತ್ತಿದ್ದ ಅಣ್ಣಾ, ನೀವೇ ಕರೆದಿರಿ. "ಬನ್ರೋ ಮಕ್ಳಾ, ಇಲ್ಲಿ ಕಾಯಿಸ್ಕೊಳ್ಳಿ" ಅಂತ ಮರಳು ತುಂಬಿದ ಬಾಣಲೆಯನ್ನೇ ಕೆಳಗಿಳಿಸಿಬಿಟ್ಟಿರಿ. ಎದುರಿಗೆ ಗಿರಾಕಿಗಳು ಕಾಯುತ್ತಿದ್ದರು. ವರ್ಷಕ್ಕೊಮ್ಮೆ ಬರುವ ವ್ಯಾಪಾರ, ಅದೂ ಭಾನುವಾರ ಸಂಜೆ! ಸುಮ್ನೆ ಒಲೆ ತೋರಿಸಿ ಕೂರಲೂ ಇಲ್ಲ. ಒಂದೊಂದೇ ತಮಟೆಯನ್ನು ಉರಿಗೆ ತೀರಾ ಹತ್ತಿರ ಹಿಡಿಯದೆ, ತಿರುಗಿಸುತ್ತಾ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ ಕೊಟ್ಟಿರಿ. ನಿಮಗೂ ಬಾರಿಸಿ ಅಭ್ಯಾಸವಿದೆ, ಅಲ್ವಾ? ಕೈ ನೋಡಿದರೇ ಗೊತ್ತಾಗುತ್ತಿತ್ತು.

ದೊಡ್ಡ ಗಣಪತಿ ಗುಡಿಯ ಹತ್ತಿರ ಮಕ್ಕಳು ಬಾರಿಸಿದ್ದು ನಿಮಗೂ ಕೇಳಿಸಿರಬೇಕು. ಹತ್ತನೇ ಕ್ಲಾಸಿನ ಹುಡುಗಿಯರಂತೂ ನಿಲ್ಲಿಸಲೇ ಒಪ್ಪಲಿಲ್ಲ.

ಸೋಮವಾರ ಹುಡುಕಿಕೊಂಡು ಬಂದೆವು. ಆ ಜಾಗದಲ್ಲಿ ಬೇರೆ ಯಾರೋ ಬೆಂಡು ಬತ್ತಾಸು ಮಾರುತ್ತಿದ್ದರು. ನಿಮ್ಮ ಹೆಸರೂ ಗೊತ್ತಿಲ್ಲ, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ತುಂಬಾ ಥ್ಯಾಂಕ್ಸ್ ಅಣ್ಣಾ. ಮುಂದಿನ ಪರಿಷೆಗೆ ಬಂದರೆ ಮಕ್ಕಳಿಗೆ ಸಿಗಿ. ನಿಮ್ಮಿಂದ ಒಂದೆರಡು ವರಸೆ ಕಲಿಯಬೇಕಂತೆ.