ಮನು ಕಾಲು, ಊರವರ ಬಾಯಿ

ಲಿಲ್ಲೆಸ್ಟ್ರೋಮ್, ನಾರ್ವೆ

ಪ್ರೀತಿಯ ಅಕ್ಕನಿಗೆ,

ನಿನ್ನ ವಾಯ್ಸ್ ಮೆಸೇಜ್ ಕೇಳಿ ಮೈಯೆಲ್ಲ ಉರಿಯಿತು. ನಿನ್ನ ಮಗು ಮನು ನಡೆಯೋದನ್ನ ನೋಡಿ ಊರವರು "ಸಂಬಂಧದಲ್ಲೇ ಕೊಟ್ಟು ತಂದರೆ ಇನ್ನೇನಾಗುತ್ತೆ" ಅಂದರಂತಲ್ಲ, ಅದೂ ನಿನ್ನ ಮುಂದೇನೇ! ಫೋನ್ ಮಾಡಿದರೆ ನೀನು ಅಳುತ್ತೀಯ, ನಾನು ಕೂಗಾಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಅತ್ತೆಗೂ ಓದಿ ಹೇಳು.

ಭಾವನ ಕಾಲು ನೆನಪು ಮಾಡಿಕೋ. ಪಾದದ ನಡುಭಾಗ ನೆಲಕ್ಕೆ ತಾಗೋದೇ ಇಲ್ಲ, ಬೆರಳುಗಳು ಮಡಚಿಕೊಂಡಿವೆ, ಮೀನಖಂಡ ತೆಳ್ಳಗೆ. ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲಲ್ಲ ಅಂತ ಯಾವಾಗಲೂ ಹಿಂದೆ ಪಟ್ಟಿ ಇರೋ ಸ್ಯಾಂಡಲ್ಲೇ ಹಾಕುತ್ತಾರೆ. ತೀರಿಹೋದ ಮಾವನವರೂ ಮಂಡಿ ಎತ್ತೆತ್ತಿ ನಡೆಯುತ್ತಿದ್ದರು, ಅಲ್ವಾ? ಈಗ ಮನುವಿನ ಸ್ಕೂಲ್ ಶೂ ತುದಿಯಲ್ಲೇ ಸವೆಯುತ್ತಿದೆ. ಅಂದರೆ ಇದು ಮಾವನ ಕಡೆಯಿಂದ ಬಂದದ್ದು. ನೀನು ಅತ್ತೆ ಮಗನನ್ನು ಮದುವೆಯಾಗೋಕೆ ಎಷ್ಟೋ ಮುಂಚೆಯೇ ಆ ಮನೆಯಲ್ಲಿತ್ತು.

ಭಾವನಿಗೆ ನರದ ಟೆಸ್ಟ್ ಮಾಡಿ ಡಾಕ್ಟರು ಬರೆದ ಹೆಸರು ಶಾರ್ಕೋ-ಮರೀ-ಟೂತ್, ಅಂದರೆ ಕೈಕಾಲಿನ ನರಗಳು ನಿಧಾನವಾಗಿ ಸೋಲೋ, ವಂಶದಲ್ಲಿ ಬರೋ ಕಾಯಿಲೆ. 1886ರಲ್ಲಿ ಇದನ್ನು ವಿವರಿಸಿದ ಮೂವರು ಡಾಕ್ಟರುಗಳ ಹೆಸರು ಅದು. ಇದರಲ್ಲಿ ತುಂಬಾ ಜನರಿಗಿರೋ ಬಗೆಯಲ್ಲಿ 17ನೇ ಕ್ರೋಮೋಸೋಮಿನ ಒಂದು ತುಣುಕು ಒಂದರ ಬದಲು ಎರಡು ಸಲ ಇರುತ್ತದೆ. 1991ರಲ್ಲಿ ಗೊತ್ತಾಯಿತು. ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೆ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮೂರು ತಲೆಮಾರು ಬಿಡದೆ ಬಂದಿದೆ ಅಂದರೆ ಹೆಚ್ಚಾಗಿ ಹೀಗೇ. ಭಾವ ಗುರುತೇ ಇಲ್ಲದ ಊರಿನ ಹುಡುಗಿಯನ್ನ ತಂದಿದ್ದರೂ ಲೆಕ್ಕ ಇದೇ.

ಇಲ್ಲಿ ಯಾರೂ ಸೋದರ ಸಂಬಂಧ ಹುಡುಕಿಕೊಂಡು ಮದುವೆ ಆಗಲ್ಲ. ಆದರೂ 1974ರಲ್ಲಿ ಪಶ್ಚಿಮ ನಾರ್ವೆಯಲ್ಲಿ ಲೆಕ್ಕ ಹಾಕಿದಾಗ ಸುಮಾರು 2500 ಜನಕ್ಕೆ ಒಬ್ಬರಲ್ಲಿ ಈ ಕಾಯಿಲೆ ಇತ್ತು. ಇವತ್ತಿಗೂ ಎಲ್ಲಾ ಕಡೆ ಹೇಳೋದು ಅದೇ ಅಂಕಿ. ಆಮೇಲೆ 2011ರಲ್ಲಿ, ನಾನಿರೋ ಈ ಆಕರ್ಸ್‌ಹುಸ್ ಜಿಲ್ಲೆಯದೇ ಲೆಕ್ಕ ಬಂತು: 1214 ಜನಕ್ಕೆ ಒಬ್ಬರು! ಜಪಾನಿನ ಒಂದು ಲೆಕ್ಕದಲ್ಲಿ ಲಕ್ಷಕ್ಕೆ 11 ಜನವೂ ಇಲ್ಲ. ಜನರೇ ಅಷ್ಟು ಬೇರೆ ಅಂತ ನನಗೆ ಪೂರ್ತಿ ನಂಬಿಕೆ ಇಲ್ಲ. ಹುಡುಕಿದಷ್ಟೂ ಸಿಗುತ್ತಾರೆ. ಮಾವನವರನ್ನು ಯಾರು ಲೆಕ್ಕಕ್ಕೆ ತಗೊಂಡಿದ್ದರು ಹೇಳು? "ಕಾಲು ಎಳೀತಾರೆ" ಅಂದರು, ಅಷ್ಟೇ.

ನಿಜವಾಗಿ ಊರೂರಿಗೆ ಬೇರೆಯಾಗೋ ನರದ ಕಾಯಿಲೆಗಳೂ ಇವೆ. ಪೋರ್ಚುಗಲ್‌ನ ಪೋವೊವಾ ದೆ ವರ್ಜಿಂ ಅನ್ನೋ ಮೀನುಗಾರರ ಊರಿನ ಕಡೆ ಅಂಥ ಬೇರೊಂದು ಕಾಯಿಲೆ ಇದೆ. 1952ರಲ್ಲಿ ಕೊರಿನೊ ಆಂದ್ರಾದೆ ಅನ್ನೋ ಡಾಕ್ಟರು ಅದರ ಬಗ್ಗೆ ಬರೆದರು. ಆ ಕಾಯಿಲೆ ತರೋ ಅದೇ ಜೀನ್ ದೋಷ ಉತ್ತರ ಸ್ವೀಡನ್ನಿನಲ್ಲೂ ಜಾಸ್ತಿ. ಅಲ್ಲಿ ಹೆಚ್ಚಾಗಿ 50 ದಾಟಿದ ಮೇಲೆ ಶುರು, ಪೋರ್ಚುಗಲ್‌ನಲ್ಲಿ 30ರ ಆಸುಪಾಸಿಗೇ.

ಸಂಬಂಧದ ಮದುವೆಯಿಂದ ಏನೂ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಅಪ್ಪ, ಅಮ್ಮ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಕಾಣಿಸೋ ಬಗೆಗಳಿವೆ. ಟ್ಯುನೀಶಿಯಾ, ಅಲ್ಜೀರಿಯಾ ಕಡೆ ಅವು ಜಾಸ್ತಿ, ಅಲ್ಲೂ ನಮ್ಮ ಹಾಗೆ ನೆಂಟರಲ್ಲೇ ಮದುವೆ ಮಾಡುತ್ತಾರೆ. ನಿಮ್ಮದು ಯಾವುದು ಅಂತ ಭಾವನ ಜೀನ್ ಟೆಸ್ಟ್ ಆದರೆ ಗೊತ್ತಾಗುತ್ತೆ. ಮೊದಲು ಅದನ್ನ ಮಾಡಿಸು. ವಾಸಿಯಾಗೋ ಔಷಧಿ ಇಲ್ಲ. ಆದರೆ ಮನುವಿಗೆ ಈಗಲೇ ಫಿಸಿಯೋ, ಪಾದ ಎತ್ತಿ ಹಿಡಿಯೋ ಸ್ಪ್ಲಿಂಟ್ ಶುರು ಮಾಡಿದರೆ ಎಡವೋದು ಕಮ್ಮಿಯಾಗುತ್ತೆ. ಇನ್ನೊಂದು, ವಿನ್‌ಕ್ರಿಸ್ಟಿನ್ ಅನ್ನೋ ಕ್ಯಾನ್ಸರ್ ಔಷಧಿ ಇವರಿಗೆ ತುಂಬಾ ಅಪಾಯ. ಯಾವ ಆಸ್ಪತ್ರೆಗೆ ಹೋದರೂ ಕಾಯಿಲೆ ಹೆಸರು ಮೊದಲೇ ಹೇಳಿಬಿಡಿ.

ನರದ ಟೆಸ್ಟಿನ ಎಲ್ಲಾ ಪುಟದ ಫೋಟೋ ವಾಟ್ಸಾಪ್ ಮಾಡು. ಕಳೆದ ಸಲ ಭಾವ ಬಿಲ್ ಒಂದನ್ನೇ ಕಳಿಸಿದ್ದರು.

ನಿನ್ನ ತಂಗಿ