ಭಾಗಿಸಿ ನೋಡುವುದನ್ನು ನೂರಕ್ಕೇ ನಿಲ್ಲಿಸಬೇಡಿ

ಮಾನ್ಯರೆ,

ಸಂಖ್ಯಾ ವಿನೋದದ ಅಂಕಣಗಳಲ್ಲಿ ಒಂದು ಸೂತ್ರ ಆಗಾಗ ಕಾಣಿಸಿಕೊಳ್ಳುತ್ತದೆ: 100ರೊಳಗಿನ 25 ಅವಿಭಾಜ್ಯಗಳಲ್ಲಿ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ ಅವಿಭಾಜ್ಯವಂತೆ. 10,201ಕ್ಕಿಂತ ಕೆಳಗೆ ಇದನ್ನು ನಂಬಬಹುದು. 10,201 ಎಂದರೆ 101ರ ವರ್ಗ. ಸೂತ್ರ ಮೊದಲು ಎಡವುವುದೇ ಅಲ್ಲಿ. ಪರೀಕ್ಷೆ ಎಲ್ಲಿಯವರೆಗೆ ನಡೆಯಬೇಕು ಎಂಬುದನ್ನು ಆ ಸಂಖ್ಯೆಯ ವರ್ಗಮೂಲ ಹೇಳುತ್ತದೆ. ಸೂತ್ರ ಅಚ್ಚಾಗುವಾಗ ಈ ಮಿತಿಯೂ ಜೊತೆಗಿರಲಿ.

12,34,567ನ್ನೇ ತೆಗೆದುಕೊಳ್ಳಿ. ಅಂಕಿಗಳ ಮೊತ್ತ 28, ಹಾಗಾಗಿ 3 ಹೋಗದು. 7, 11, 13 ಮೂರನ್ನೂ ಒಂದೇ ಏಟಿಗೆ ನೋಡಬಹುದು, ಏಕೆಂದರೆ ಅವುಗಳ ಗುಣಲಬ್ಧ 1,001. ಬಲದಿಂದ ಮೂರು ಮೂರು ಅಂಕಿ ಒಡೆದು ಒಂದನ್ನು ಕಳೆದು, ಮುಂದಿನದನ್ನು ಕೂಡಿಸಬೇಕು: 567 − 234 + 1 = 334. ಇದು ಆ ಮೂರರಲ್ಲಿ ಯಾವುದರಿಂದಲೂ ಭಾಗವಾಗದು. ನಮ್ಮ ಅಲ್ಪವಿರಾಮ ನೋಡಿ 12, 34, 567 ಎಂದು ಒಡೆದರೆ ಲೆಕ್ಕ ಕೆಟ್ಟಿತು.

ಈ ಸಂಖ್ಯೆಯ ವರ್ಗಮೂಲ 1,111ಕ್ಕಿಂತ ಚೂರು ಹೆಚ್ಚು. ಅಷ್ಟರೊಳಗೆ 186 ಅವಿಭಾಜ್ಯಗಳಿವೆ. 113ರವರೆಗಿನ 30 ವಿಫಲವಾಗುತ್ತವೆ, 31ನೆಯದಾದ 127 ಹಿಡಿಯುತ್ತದೆ: 127 × 9,700 = 12,31,900; ಉಳಿದ 2,667 ಎಂದರೆ 127 × 21. ಅಂದರೆ 12,34,567 = 127 × 9,721. ಇನ್ನು 9,721ನ್ನು ಮತ್ತೆ ಪರೀಕ್ಷಿಸುವ ಶ್ರಮ ಬೇಡ. 127ಕ್ಕಿಂತ ಚಿಕ್ಕ ಅವಿಭಾಜ್ಯಗಳು ಮೂಲ ಸಂಖ್ಯೆಗೇ ಹೋಗಲಿಲ್ಲವಾದ್ದರಿಂದ ಇದಕ್ಕೂ ಹೋಗವು. 127ರ ವರ್ಗವಾದ 16,129 ಇದಕ್ಕಿಂತ ದೊಡ್ಡದು. ಹಾಗಾಗಿ ಇದು ಅವಿಭಾಜ್ಯ.

ಅಪವರ್ತನಗಳು ಕೈಗೆ ಸಿಕ್ಕರೆ ವರ್ಗೀಕರಣ ಸಲೀಸು. 12,34,567ರ ಭಾಜಕಗಳು ನಾಲ್ಕೇ. ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 9,849, ಆ ಸಂಖ್ಯೆಗಿಂತ ಕಡಿಮೆ; ಆದ್ದರಿಂದ ಇದು ನ್ಯೂನ ಸಂಖ್ಯೆ. ನನಗೆ ಹೆಚ್ಚು ಹಿಡಿಸುವ ಗುಣಕ್ಕಾದರೋ ಅಪವರ್ತನವೂ ಬೇಕಿಲ್ಲ. ಕೊನೆಯ ಮೂರಂಕಿ 567ನ್ನು 8ರಿಂದ ಭಾಗಿಸಿದರೆ ಶೇಷ 7. ವರ್ಗಸಂಖ್ಯೆಯನ್ನು 8ರಿಂದ ಭಾಗಿಸಿದರೆ ಉಳಿಯುವುದು 0, 1 ಅಥವಾ 4 ಮಾತ್ರ. ಇವುಗಳಲ್ಲಿ ಯಾವ ಮೂರನ್ನು ಕೂಡಿಸಿದರೂ ಶೇಷ 7 ಬಾರದು. ಹೀಗಾಗಿ 12,34,567ನ್ನು ವರ್ಗಸಂಖ್ಯೆಗಳ ಮೊತ್ತವಾಗಿ ಬರೆಯಲು ನಾಲ್ಕು ವರ್ಗಗಳೇ ಬೇಕು. ಯಾವ ಸಂಖ್ಯೆಗೂ ನಾಲ್ಕು ಸಾಕು ಎಂಬುದನ್ನು ಗಣಿತಜ್ಞ ಲಗ್ರಾಂಜ್ 1770ರಲ್ಲಿ ಸಾಧಿಸಿದ್ದಾರೆ.

ಘಾತದ ಶೇಷ ನೋಡಿ ಅವಿಭಾಜ್ಯವೇ ಎಂದು ಪರಿಶೀಲಿಸುವ ಫರ್ಮಾ ಪರೀಕ್ಷೆಯನ್ನು ಸೂಚಿಸುವವರಿಗೆ ಒಂದು ಮಾತು. 12,34,567 ಅವಿಭಾಜ್ಯವಾಗಿದ್ದರೆ 2ರ 12,34,566ನೇ ಘಾತವನ್ನು ಅದರಿಂದ ಭಾಗಿಸಿದಾಗ ಶೇಷ 1 ಬರಬೇಕಿತ್ತು, ಬರುವುದಿಲ್ಲ. ಆದರೆ 1 ಬಂದ ಮಾತ್ರಕ್ಕೆ ಅವಿಭಾಜ್ಯವೆಂದು ತೀರ್ಮಾನಿಸುವಂತಿಲ್ಲ. 341 ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಅದು 11 × 31. ಅಲ್ಲಿ 2ರ ಬದಲು 3 ಹಾಕಿದರೆ ಸಿಕ್ಕಿಬೀಳುತ್ತದೆ. 561 (3 × 11 × 17) ಇನ್ನೂ ಜಾಣ: ತನ್ನ ಅಪವರ್ತನಗಳಿಂದ ಭಾಗವಾಗದ ಯಾವ ಆಧಾರ ಸಂಖ್ಯೆ ಕೊಟ್ಟರೂ ಶೇಷ 1ನ್ನೇ ತೋರಿಸುತ್ತದೆ.

– ಗಣಿತಾಸಕ್ತ ಓದುಗ